ಗಡಿಯ ಶಿಬಿರಕ್ಕೆ ಹೊರಟ ಮಗಳಿಗೆ

ಮಂಡ್ಯ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಸುಡಾನ್ ಗಡಿಗೆ ಅಂಟಿಕೊಂಡಿರುವ ಚಾಡ್ ದೇಶದ ಅದ್ರೆ ಎಂಬ ಊರಿಗೆ, ನಿರಾಶ್ರಿತರ ಕಾಲರಾ ಚಿಕಿತ್ಸೆಗೆಂದು ಮೂರು ತಿಂಗಳು ಹೋಗುತ್ತೇನೆಂದು ನೀನು ಹೇಳಿದಾಗ ನಾನು ಏನೂ ಮಾತಾಡದೆ ಫೋನ್ ಇಟ್ಟುಬಿಟ್ಟೆನಲ್ಲ, ಅದು ಕೋಪವಲ್ಲ. ನಿನ್ನ ಅಪ್ಪ ಭೂಪಟ ಬಿಡಿಸಿ ಆ ಊರಿನ ಮೇಲೆ ಬೆರಳಿಟ್ಟು ತೋರಿಸುವವರೆಗೆ ನನಗೆ ಮಾತು ಹೊರಡಲಿಲ್ಲ, ಅಷ್ಟೆ.

ಇಲ್ಲಿ ರೋಗಿಗಳಿಗೇನು ಬರವೇ ಎಂದು ನಿನ್ನ ದೊಡ್ಡಪ್ಪ ಕೇಳಿದರು. ಆ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನರೂ ಇದ್ದರು, ಭಾರತೀಯರನ್ನು ಕರೆತಂದ ಕಾರ್ಯಾಚರಣೆಗೆ ಸರ್ಕಾರ ಕಾವೇರಿಯ ಹೆಸರನ್ನೇ ಇಟ್ಟಿತ್ತು. ಅವರಿಗೆ ಮರಳಲು ಒಂದು ಊರಿತ್ತು, ನೀನು ನೋಡಲಿರುವವರಿಗೆ ಅದೂ ಇಲ್ಲವೆಂದೆ. ಭಾವನವರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯದು.

ಇನ್ನು ಕೆಲಸದ ಮಾತು. ತೀರಾ ನೀರಾರಿಹೋದ ದೊಡ್ಡವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ದ್ರಾವಣ ನರದ ಮೂಲಕ ಮೂರು ಗಂಟೆಯಲ್ಲಿ, ಅದರಲ್ಲಿ 30 ಮಿ.ಲೀ. ಮೊದಲ ಅರ್ಧ ಗಂಟೆಯೊಳಗೇ ಏರಬೇಕೆಂಬುದು, ವರ್ಷ ತುಂಬದ ಕೂಸಿಗೆ ಅಷ್ಟನ್ನೇ ಆರು ಗಂಟೆಯಲ್ಲಿ ಕೊಡಬೇಕೆಂಬುದು ನಿನಗೆ ಬಾಯಿಪಾಠವಾಗಿರುತ್ತದೆ. ಆದರೆ ನಡುವೆ ರಂಧ್ರವಿರುವ ಮಂಚದ ಕೆಳಗಿನ ಬಕೆಟ್ಟನ್ನು ರಾತ್ರಿ ಮೂರು ಗಂಟೆಗೆ ಬಗ್ಗಿ ನೋಡಿ, ಭೇದಿ ಎಷ್ಟು ಹೋಗಿದೆಯೆಂದು ಅಳೆದು ಬರೆದಿಡುವವಳು ಅಲ್ಲಿನ ನರ್ಸ್. ಪ್ರಾಯಶಃ ಅವಳೂ ಗಡಿ ದಾಟಿ ಬಂದವಳೇ ಆಗಿರಬಹುದು. ನೀನು ಬರುವ ಮೊದಲೂ ಅವಳಿದ್ದಳು, ನೀನು ಹೊರಟ ಮೇಲೂ ಇರುತ್ತಾಳೆ. ರೋಗಿಯ ಮುಖ ನೋಡಿಯೇ ಅವಳು ಏನಾದರೂ ಹೇಳಿದರೆ, ಚಾರ್ಟ್ ತೆರೆಯುವ ಮೊದಲು ಅವಳೊಡನೆ ಮಂಚದ ಬಳಿ ಹೋಗು. ಮೂವತ್ತು ವರ್ಷದ ನನ್ನ ನರ್ಸ್ ನೌಕರಿಯಲ್ಲಿ, ಹೊಸದಾಗಿ ಬಂದ ಡಾಕ್ಟರು ನನ್ನ ಮಾತನ್ನು ಕೇಳಿಸಿಕೊಳ್ಳದೆ ಹೋದಾಗ ಹಲ್ಲು ಕಚ್ಚಿ ನಿಂತದ್ದು ಎಷ್ಟು ಸಲವೋ! (ನೀನು ಹಾಗಲ್ಲವೆಂದು ನಂಬಿದ್ದೇನೆ, ಆದರೂ ಹೇಳುತ್ತೇನೆ.)

1971ರಲ್ಲಿ ಬಾಂಗ್ಲಾ ನಿರಾಶ್ರಿತರು ಕಿಕ್ಕಿರಿದಿದ್ದ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ನಿನ್ನ ವಾರ್ಡಿನಲ್ಲೂ ಮಗುವಿನ ಪಕ್ಕದಲ್ಲಿ ತಾಯಿ ಕೂತಿರುತ್ತಾಳೆ. ಅವಳನ್ನು ಹೊರಗೆ ಕಳಿಸುವ ಬದಲು ಅವಳ ಕೈಗೆ ಲೋಟ, ಚಮಚ ಕೊಡು.

ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ 10 ದಿನ ಮೊದಲೇ ಹಾಕಿಸಿಕೊಂಡು, ಆ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೋ. ಮರಳಿ ಬರುವಾಗಲೂ ಕೇಳುತ್ತಾರೆ. ಮೈಸೂರಿನಿಂದ ಭಾನುವಾರ ಬಂದಾಗ ಹುರಿಹಿಟ್ಟಿನ ಡಬ್ಬಿ ಮರೆಯದೆ ಒಯ್ಯಿ. ರಾತ್ರಿ ಪಾಳಿಯಲ್ಲಿ ಒಬ್ಬಳೇ ತಿನ್ನಬೇಡ.

ಇಂತಿ,
ನಿನ್ನ ಅಮ್ಮ