ಲೆಕ್ಕಪತ್ರದ ಸರ್ವರ್‌ಗೆ ಇನ್ನು ಮುಂದೆ ವಿಪಿಎನ್ ಮೂಲಕವೇ ಪ್ರವೇಶ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ತುಮಕೂರಿನಲ್ಲಿರುವ ನಮ್ಮ ಸರ್ವರ್‌ನಲ್ಲಿ ಲೆಕ್ಕಪತ್ರ ಇಟ್ಟಿರುವ ಅಡಿಕೆ ಮಂಡಿಗಳು, ತಿಪಟೂರಿನ ಕೊಬ್ಬರಿ ವರ್ತಕರು, ಅಕ್ಕಿ ಗಿರಣಿಗಳು ಹಾಗೂ ಸಣ್ಣ ಕಾರ್ಖಾನೆಗಳೆಲ್ಲರಿಗೂ ಒಂದು ಮುಖ್ಯ ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರಿನ ಪರದೆಯನ್ನು ನಿಮ್ಮಲ್ಲೇ ತೆರೆದು ಕೆಲಸ ಮಾಡುವ ವ್ಯವಸ್ಥೆ) ಅನ್ನು ಇಂಟರ್ನೆಟ್‌ನಿಂದ ನೇರವಾಗಿ ತೆರೆಯಲು ಬರುವುದಿಲ್ಲ; ಮೊದಲು ವಿಪಿಎನ್ (ನಿಮ್ಮ ಸಾಧನದಿಂದ ನಮ್ಮ ಸರ್ವರ್‌ಗೆ ಇಂಟರ್ನೆಟ್‌ನಲ್ಲೇ ಹಾಕಿದ, ಹೊರಗಿನವರು ಇಣುಕಲಾಗದ ಖಾಸಗಿ ದಾರಿ) ಆನ್ ಮಾಡಿ, ನಂತರ ಎಂದಿನಂತೆ ಲಾಗಿನ್ ಆಗಬೇಕು. ಬಿಲ್ಲಿಂಗ್, ಸ್ಟಾಕ್, ಲೆಡ್ಜರ್ ಎಲ್ಲವೂ ಈಗಿರುವಂತೆಯೇ ಇರುತ್ತವೆ, ಶುಲ್ಕವೂ ಹೆಚ್ಚುವುದಿಲ್ಲ.

ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ 3389ನೇ ಪೋರ್ಟ್‌ನಲ್ಲಿ, ಅಂದರೆ ಹೊರಗಿನ ಸಂಪರ್ಕ ಒಳಬರುವ ಆ ಸಂಖ್ಯೆಯ ಬಾಗಿಲಿನಲ್ಲಿ, ಕೆಲಸ ಮಾಡುತ್ತದೆ. ಆ ಪೋರ್ಟ್ ತೆರೆದಿರುವ ಕಂಪ್ಯೂಟರುಗಳನ್ನು ಹಗಲು ರಾತ್ರಿ ಹುಡುಕುತ್ತಲೇ ಇರುವ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿವೆ. ನಮ್ಮ ಸರ್ವರ್‌ನ ಲಾಗ್ (ಯಾರು ಯಾವಾಗ ಒಳಬರಲು ನೋಡಿದರೆಂಬ ದಾಖಲೆ) ತೆಗೆದು ನೋಡಿದರೆ, ನಿಮ್ಮ ಅಂಗಡಿಗಳೆಲ್ಲ ಮುಚ್ಚಿರುವ ನಡುರಾತ್ರಿಯಲ್ಲಿ ‘ಅಡ್ಮಿನ್’, ‘ಯೂಸರ್’, ‘ಟೆಸ್ಟ್’ ಎಂಬ ಹೆಸರುಗಳಲ್ಲಿ, ಎಲ್ಲೆಲ್ಲಿಂದಲೋ, ವಿಫಲವಾದ ಲಾಗಿನ್‌ಗಳು ಸಾಲುಸಾಲಾಗಿ ಕಾಣುತ್ತವೆ. ಗಟ್ಟಿ ಪಾಸ್‌ವರ್ಡ್ ಒಂದೇ ಇದಕ್ಕೆ ಉತ್ತರವಲ್ಲ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ಬ್ಲೂಕೀಪ್’ ಎಂಬ ದೋಷವು ಹಳೆಯ ವಿಂಡೋಸ್‌ಗಳ ರಿಮೋಟ್ ಡೆಸ್ಕ್‌ಟಾಪ್ ಒಳಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಲು ದಾರಿ ಮಾಡಿಕೊಡುವಂಥದ್ದಾಗಿತ್ತು. ಬೆಂಬಲ ನಿಲ್ಲಿಸಿ ವರ್ಷಗಳೇ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಡಬೇಕಾಯಿತು. ಹೀಗೆ ಒಳಬಂದವರು ಫೈಲುಗಳನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ, ಅಂದರೆ ನೀವು ತೆರೆಯಲಾಗದಂತೆ ಗೂಢಲಿಪಿಗೆ ಬದಲಿಸಿ, ಹಣ ಕೇಳುತ್ತಾರೆ. ನಿಮ್ಮ ಪುಸ್ತಕಗಳಲ್ಲಿ ನಿಮ್ಮ ವ್ಯವಹಾರವಷ್ಟೇ ಅಲ್ಲ, ನಿಮಗೆ ಮಾಲು ಹಾಕುವ ರೈತರ ಬ್ಯಾಂಕ್ ಖಾತೆ ಸಂಖ್ಯೆಗಳೂ ಇವೆ. ಆ ವಿವರಗಳನ್ನು ಕಾಯುವುದು ನಮ್ಮ ಹೊಣೆಯೆಂದೇ ನಾವು ತಿಳಿದಿದ್ದೇವೆ.

ನಾವು ಆರಿಸಿಕೊಂಡಿರುವುದು ವೈರ್‌ಗಾರ್ಡ್. ಇದು 2020ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೇ ಸೇರಿದ, ಮೂಲ ಕೋಡ್ ಯಾರು ಬೇಕಾದರೂ ನೋಡಬಹುದಾದ ವಿಪಿಎನ್. ಪ್ರತಿ ಲ್ಯಾಪ್‌ಟಾಪ್‌ಗೂ ಪ್ರತಿ ಫೋನಿಗೂ ಅದರದೇ ಕೀ (ಅದನ್ನು ಗುರುತಿಸುವ ಡಿಜಿಟಲ್ ಕೀಲಿ) ಇರುತ್ತದೆ; ನೋಂದಾಯಿಸದ ಕೀ ಇಟ್ಟುಕೊಂಡು ಯಾರಾದರೂ ಕೇಳಿದರೆ ಅದು ‘ಇಲ್ಲ’ ಎಂದೂ ಹೇಳದೆ ಸುಮ್ಮನಿರುವುದರಿಂದ, ಹುಡುಕುವವರಿಗೆ ಅಲ್ಲೊಂದು ವಿಪಿಎನ್ ಇದೆಯೆಂದು ಗೊತ್ತಾಗುವುದೇ ಕಷ್ಟ. ಗುಬ್ಬಿಯ ಅಂಗಡಿಯ ವೈಫೈನಿಂದ ಎದ್ದು ಬಸ್ಸಿನಲ್ಲಿ ಮೊಬೈಲ್ ನೆಟ್‌ಗೆ ಬಂದರೂ ವಿಪಿಎನ್ ಅನ್ನು ಮತ್ತೆ ಆನ್ ಮಾಡಬೇಕಿಲ್ಲ. ನಮ್ಮ ಸರ್ವರ್‌ಗೆ ಹೋಗುವ ದತ್ತಾಂಶ ಮಾತ್ರ ಈ ದಾರಿಯಲ್ಲಿ ಸಾಗುವಂತೆ ಹೊಂದಿಸುತ್ತೇವೆ. ಹಾಗಾಗಿ ನಿಮ್ಮ ಬ್ಯಾಂಕಿಂಗ್, ಜಿಎಸ್‌ಟಿ ಪೋರ್ಟಲ್, ವಾಟ್ಸ್ಆ್ಯಪ್ ಯಾವುದೂ ನಮ್ಮ ಮೂಲಕ ಹಾದುಹೋಗುವುದಿಲ್ಲ.

ವಿಪಿಎನ್ ಬಳಸುವುದು ಕಾನೂನಿಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳಿದ್ದಾರೆ. ಕಚೇರಿ ಕೆಲಸಕ್ಕೆ ಹೀಗೆ ಬಳಸಲು ಅಡ್ಡಿಯಿಲ್ಲ. ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ ಸಂಬಂಧಿಸಿದ್ದು, ಸಂಸ್ಥೆಗಳ ಆಂತರಿಕ ವಿಪಿಎನ್‌ಗಲ್ಲ. ಅದೇ ನಿರ್ದೇಶನದಲ್ಲಿರುವ 180 ದಿನ ಲಾಗ್ ಕಾಯ್ದಿಡುವ ಹಾಗೂ ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡುವ ನಿಯಮಗಳನ್ನು ನಾವು ಪಾಲಿಸುತ್ತೇವೆ.

ವಿಪಿಎನ್ ಬಂತೆಂದು ಉಳಿದ ಎಚ್ಚರಿಕೆ ಬಿಡುವಂತಿಲ್ಲ. ಕೀ ಇರುವ ಫೋನ್ ಕಳೆದುಹೋದರೆ ರಾತ್ರಿಯಾದರೂ ಸರಿ, ತಕ್ಷಣ ಕರೆ ಮಾಡಿ. ಆ ಒಂದು ಕೀಯನ್ನು ನಾವು ರದ್ದು ಮಾಡುತ್ತೇವೆ, ಉಳಿದವರ ಕೆಲಸ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ಒಂದೇ ಕೀಯನ್ನು ಗುಮಾಸ್ತರಿಗೂ ಆಡಿಟರಿಗೂ ಹಂಚಬಾರದೆಂದು ಒತ್ತಿ ಹೇಳುತ್ತಿದ್ದೇವೆ. ಕೆಲಸ ಬಿಟ್ಟುಹೋದವರ ಹೆಸರನ್ನು ಅದೇ ದಿನ ತಿಳಿಸಿ. ‘ವಿಪಿಎನ್ ಹಾಕಿಕೊಡುತ್ತೇವೆ’ ಎಂದು ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಲು ನೋಡಿದರೆ, ಅದು ನಮ್ಮ ಕರೆಯಲ್ಲ.

ಅಳವಡಿಕೆಗೆ ನಮ್ಮ ಸಿಬ್ಬಂದಿಯೇ ಗುರುತಿನ ಚೀಟಿಯೊಂದಿಗೆ ನಿಮ್ಮಲ್ಲಿಗೆ ಬರುತ್ತಾರೆ. ಬರುವ ದಿನವನ್ನು ನಿಮ್ಮೊಂದಿಗೆ ಮಾತಾಡಿಯೇ ಗೊತ್ತುಮಾಡುತ್ತೇವೆ, ಹರಾಜಿನ ದಿನ ಬಂದು ತೊಂದರೆ ಕೊಡುವುದಿಲ್ಲ. ಯಾವ ಯಾವ ಸಾಧನದಲ್ಲಿ, ಯಾರು ಯಾರು ಸರ್ವರ್ ಬಳಸುತ್ತಾರೆಂಬ ಪಟ್ಟಿಯನ್ನು ಈ ತಿಂಗಳ 20ರೊಳಗೆ ನಿಮ್ಮ ಸಹಿಯೊಂದಿಗೆ ನಮ್ಮ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಹಕ ಸೇವಾ ವಿಭಾಗ, ತುಮಕೂರು