ಪಿತ್ತನಾಳ ತೋರಿಸುವ ಹಸಿರು ಬಣ್ಣ

ಮಾನ್ಯರೇ,

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪರದೆ ನೋಡುತ್ತಾ ಮಾಡುವ) ಆಪರೇಷನ್ ಈಗ ಜಿಲ್ಲಾ ಕೇಂದ್ರಗಳಲ್ಲೂ ಮಾಮೂಲಿ. ಅದರಲ್ಲಿರುವ ಒಂದು ಅಪಾಯದ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಿತ್ತಕೋಶ ತೆಗೆಯುವಾಗ ಅದರ ಸಣ್ಣ ನಾಳ ಅಂದುಕೊಂಡು, ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದುಂಟು. ಅಪರೂಪ ನಿಜ. ಆದರೆ ಹಾಗಾದ ರೋಗಿಯ ಪಾಡು ಕೇಳಬೇಡಿ.

ಇದನ್ನು ತಪ್ಪಿಸಲು ನೆರವಾಗುವ ವಸ್ತು ಹೊಸದೇನಲ್ಲ. ಇಂಡೋಸಯನೈನ್ ಗ್ರೀನ್ ಎಂಬ ಬಣ್ಣಕ್ಕೆ ಅಮೆರಿಕದಲ್ಲಿ 1959ರಲ್ಲೇ ಅನುಮತಿ ಸಿಕ್ಕಿದೆ. ಆಪರೇಷನ್‌ಗೆ ಮೊದಲು ರಕ್ತನಾಳಕ್ಕೆ ಚುಚ್ಚಿದರೆ ಲಿವರ್ ಅದನ್ನು ಹೀರಿಕೊಂಡು ಪಿತ್ತರಸಕ್ಕೆ ಬಿಡುತ್ತದೆ. ಇನ್‌ಫ್ರಾರೆಡ್ ಬೆಳಕು ಬಿದ್ದಾಗ ಅದೂ ಬೆಳಕು ಸೂಸುತ್ತದೆ. ಬರಿಗಣ್ಣಿಗೆ ಕಾಣದು, ಅದಕ್ಕೆಂದೇ ಇರುವ ಕ್ಯಾಮೆರಾ ಬೇಕು. ಆಗ ತೆಳು ಕೊಬ್ಬಿನ ಮರೆಯಲ್ಲಿದ್ದ ನಾಳ ಪರದೆಯ ಮೇಲೆ ಹಸಿರಾಗಿ ಎದ್ದು ಕಾಣುತ್ತದೆ. (ಕೊಬ್ಬು ದಪ್ಪಗಿದ್ದರೆ ಅಷ್ಟು ಸುಲಭವಲ್ಲ.) ಕರುಳಿನ ಒಂದು ಭಾಗ ತೆಗೆದು ಮತ್ತೆ ಜೋಡಿಸುವಾಗಲೂ ಹೊಲಿಗೆಯ ಜಾಗಕ್ಕೆ ರಕ್ತ ಸರಿಯಾಗಿ ಬರುತ್ತಿದೆಯಾ ಎಂದು ಇದರಿಂದಲೇ ನೋಡುತ್ತಾರೆ.

ಖರ್ಚು ಜಾಸ್ತಿ ಆಗುವುದು ಬಣ್ಣಕ್ಕಲ್ಲ, ಕ್ಯಾಮೆರಾಕ್ಕೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೊಸ ಲ್ಯಾಪ್ರೋಸ್ಕೋಪಿ ಯಂತ್ರ ತರಿಸುವಾಗಲೇ ಈ ಸೌಲಭ್ಯ ಇರುವುದನ್ನು ಕೇಳಿದರೆ ಒಳ್ಳೆಯದಲ್ವಾ? ಆಮೇಲೆ ಬೇರೆ ಟೆಂಡರ್ ಕರೆಯುವುದು ನಮ್ಮಲ್ಲಿ ಎಷ್ಟು ವರ್ಷದ ಕೆಲಸ ಅಂತ ಎಲ್ಲರಿಗೂ ಗೊತ್ತು. ಜೊತೆಗೆ, ಈ ಬಣ್ಣದಲ್ಲಿ ಅಯೋಡಿನ್ ಅಂಶ ಇರುವುದುಂಟು. ಅದಕ್ಕೆ ಅಲರ್ಜಿ ಇರುವವರು ಡಾಕ್ಟರಿಗೆ ಮೊದಲೇ ತಿಳಿಸಬೇಕು.

– ಒಬ್ಬ ಓದುಗ, ಹಾಸನ