ಇಬ್ಬರೇ ಬಂದರೂ ಇಸ್ಪೀಟು ಆಡಬಹುದು

ಎಲ್ಲರಿಗೂ ನಮಸ್ಕಾರ.

ಆಟಿ ಮಳೆಗೆ ಭಾನುವಾರ ನಾಲ್ಕು ಜನ ಸೇರುವುದೇ ಕಷ್ಟ ಆಗಿದೆ. ಕಳೆದ ವಾರ ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಇಬ್ಬರೇ ಉಳಿದೆವು. ನಾಲ್ಕು ಜನರ ಇಪ್ಪತ್ತೆಂಟು ಆಟ ಆಡುವ ಹಾಗಿಲ್ಲ, ಅದಕ್ಕೇ ಇಬ್ಬರ ಇಸ್ಪೀಟಾಟ ಜರ್ಮನ್ ವಿಸ್ಟ್ ಆಡಿದೆವು. ಹೇಗೆ ಅಂತ ಕೇಳಿದವರಿಗೆ ಇಲ್ಲಿದೆ.

ಜೋಕರ್ ತೆಗೆದು 52 ಎಲೆ ಕಲಸಿ, ತಲಾ 13 ಹಂಚಿ. ಉಳಿದ 26 ಎಲೆಯ ಕಟ್ಟನ್ನು ಕವುಚಿಟ್ಟು ಮೇಲಿನದ್ದನ್ನು ಮಾತ್ರ ಮಗುಚಿ. ಅದು ಆಟೀನ್ ಆದರೆ ಕೊನೆಯವರೆಗೂ ಆಟೀನೇ ತುರುಪು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವ ಜಾತಿ. ಎಕ್ಕವೇ ದೊಡ್ಡದು. ಮೊದಲು ಆಡಿದವರು ಹಾಕಿದ ಜಾತಿ ಕೈಲಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಯಾವುದಾದರೂ ಸರಿ.

ಸುತ್ತು ಗೆದ್ದವರಿಗೆ ಮಗುಚಿದ ಎಲೆ. ಸೋತವರು ಅದರ ಕೆಳಗಿನದ್ದನ್ನು ತೋರಿಸದೆ ತೆಗೆದುಕೊಳ್ಳಬೇಕು. ಮತ್ತೆ ಮೇಲಿನದ್ದು ಮಗುಚಿ, ಗೆದ್ದವರೇ ಮೊದಲು ಆಡಬೇಕು.

ಮಜಾ ಇರುವುದು ಇಲ್ಲೇ. ಈ ಮೊದಲ 13 ಸುತ್ತಿಗೆ ಲೆಕ್ಕವೇ ಇಲ್ಲ! ಕಟ್ಟು ಖಾಲಿಯಾದ ಮೇಲಿನ 13ರಲ್ಲಿ 7 ಹೊಡೆದವರು ಗೆದ್ದ ಹಾಗೆ. ಹಾಗಾಗಿ ಮೇಲೆ ಕ್ಲಾವರ್ ಎರಡು ಬಿದ್ದಿದ್ದರೆ ಅದಕ್ಕೆ ಎಕ್ಕ ಸುರಿಯಬೇಡಿ. ಸುಮ್ನೆ ಸೋತು ಅಡಿಯ ಎಲೆ ತೆಗೆದುಕೊಳ್ಳಿ. ತುರುಪಿನ ರಾಜ ಕಂಡರೆ ಮಾತ್ರ ಜಗಳಕ್ಕೆ ನಿಲ್ಲಿ. ನಾನು ಸಿಕ್ಕಿದ್ದೆಲ್ಲ ಗೆಲ್ಲಲು ಹೋಗಿ ಕೊನೆಗೆ ಕೈತುಂಬ ಸಣ್ಣೆಲೆ ಹಿಡಿದು ಕೂತೆ.

ಇನ್ನೊಂದು, ಬಿದ್ದ ಎಲೆ ನೆನಪಿಡಿ. ಕಟ್ಟು ಮುಗಿಯುವಾಗ ಎದುರಿನವರ 13 ಎಲೆಯೂ ನಿಮಗೆ ಗೊತ್ತಿರಬೇಕು, ಅಲ್ವಾ? ನಮ್ಮ ಅತ್ತೆಗೆ ಗೊತ್ತಿತ್ತು!

ಈ ಭಾನುವಾರ ಬರುವವರು ಒಂದೊಂದು ಕಟ್ಟು ತನ್ನಿ. ನಮ್ಮದರಲ್ಲಿ ಇಸ್ಪೀಟ್ ಗುಲಾಮ ಒದ್ದೆಯಾಗಿ ಉಬ್ಬಿದ್ದಾನೆ.